ಪಂಚಮ ಗುಂಯ್‌ಗುಡುವ ಕೋಣೆಯಲ್ಲಿ ರೋಡ್ ಎನ್‌ಟಿ1: ವೀಣೆಯ ಧ್ವನಿಮುದ್ರಣಕ್ಕೆ ಒಂದು ಮೈಕಿನ ಪರೀಕ್ಷೆ

ರೋಡ್ ಕಂಪನಿಯ ಎನ್‌ಟಿ1 ಮೈಕಿನ ಐದನೆಯ ಪೀಳಿಗೆಯ ಮಾದರಿಯನ್ನು ಕೊಂಡು ನನಗೆ ಒಂದೂವರೆ ವರ್ಷವಾಯಿತು. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯಿದೆ. ಬೆಳಿಗ್ಗೆ ಸಂಜೆ ಅಲ್ಲೇ ವೀಣೆಯ ಪಾಠ ನಡೆಯುತ್ತದೆ. ಮಿಕ್ಕ ಹೊತ್ತಿನಲ್ಲಿ, ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋಗಿ ನೆಲೆಸಿರುವ ಹಳೆಯ ಶಿಷ್ಯರಿಗಾಗಿ ಪಾಠಗಳನ್ನು ಅದೇ ಕೋಣೆಯಲ್ಲಿ ಧ್ವನಿಮುದ್ರಿಸಿ ಕಳುಹಿಸುತ್ತೇನೆ. ಬಹಳ ಕಾಲ ಈ ಕೆಲಸವನ್ನು ಮೊಬೈಲಿನಲ್ಲೇ ಮಾಡುತ್ತಿದ್ದೆ. ಮಾತಿಗೆ ಅದು ಸಾಕು, ವೀಣೆಗೆ ಸಾಲದು. ಒಮ್ಮೆ ಮೀಟಿದ ತಂತಿಯ ನಾದ ತಗ್ಗುತ್ತ ತಗ್ಗುತ್ತ ಹೋಗುವ ಆ ಕೊನೆಯ ಭಾಗದಲ್ಲೇ ಗಮಕದ, ಅಂದರೆ ಸ್ವರವನ್ನು ಆಡಿಸಿ ಜಾರಿಸುವುದರ, ಬಾಗು ಬಳುಕುಗಳಿರುತ್ತವೆ. ಮಾತಿನ ಕರೆಗಳಿಗೆಂದು ಮೊಬೈಲಿನಲ್ಲಿ ಅಳವಡಿಸಿರುವ ಗದ್ದಲ ಕಳೆಯುವ ವ್ಯವಸ್ಥೆ ಆ ಸಣ್ಣ ನಾದವನ್ನೇ ಗದ್ದಲವೆಂದು ತಿಳಿದು ಕತ್ತರಿಸಿ ಹಾಕುತ್ತಿತ್ತು. ಕಾಂಭೋಜಿ ರಾಗದ ನಿಷಾದವನ್ನು (ನಿ ಸ್ವರವನ್ನು) ಹೇಗೆ ಜಾರಿಸಬೇಕೆಂದು ಹತ್ತು ಸಲ ನುಡಿಸಿ ತೋರಿಸಿದರೂ ಆಚೆ ಕಡೆಯ ಶಿಷ್ಯೆಗೆ ಮೀಟು ಕೇಳುತ್ತಿತ್ತೇ ಹೊರತು ಜಾರು ಕೇಳುತ್ತಿರಲಿಲ್ಲ. ಒಳ್ಳೆಯ ಮೈಕನ್ನು ಕೊಳ್ಳುವ ನಿರ್ಧಾರಕ್ಕೆ ಬಂದದ್ದು ಹೀಗೆ.

ಈ ಮೈಕು 2023ರಲ್ಲಿ ಮಾರುಕಟ್ಟೆಗೆ ಬಂದದ್ದು. ತಯಾರಾಗುವುದು ಆಸ್ಟ್ರೇಲಿಯದ ಸಿಡ್ನಿಯಲ್ಲಿ. ಇದು ಕಂಡೆನ್ಸರ್ ಜಾತಿಯ ಮೈಕು; ಒಳಗಿನ ಗ್ರಾಹಕ ತಟ್ಟೆ ಒಂದು ಇಂಚಿನದು. ಮುಂದಿನಿಂದ ಬರುವ ಧ್ವನಿಯನ್ನು ಚೆನ್ನಾಗಿ ಹಿಡಿದು ಹಿಂದಿನಿಂದ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಕಾರ್ಡಿಯಾಯ್ಡ್ ಮಾದರಿಯೊಂದೇ ಇದರಲ್ಲಿದೆ, ಬೇರೆ ಮಾದರಿಗೆ ಬದಲಾಯಿಸಿಕೊಳ್ಳುವ ಗುಂಡಿಯಿಲ್ಲ. ಬುಡದಲ್ಲಿರುವ, ಸ್ಟುಡಿಯೋ ಕೇಬಲ್ಲಿಗೆಂದಿರುವ ಎಕ್ಸ್‌ಎಲ್‌ಆರ್ ಕಿಂಡಿಯ ಒಳಗೇ ಯುಎಸ್‌ಬಿ-ಸಿ ಕಿಂಡಿಯನ್ನೂ ಕೂಡಿಸಿರುವುದರಿಂದ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಸಾಧನಕ್ಕೆ ಜೋಡಿಸಬಹುದು, ಇಲ್ಲವೇ ನೇರವಾಗಿ ಕಂಪ್ಯೂಟರಿಗೆ ಜೋಡಿಸಬಹುದು; ಎರಡನ್ನೂ ಒಟ್ಟಿಗೆ ಆಗದು. ಅಲುಗಾಟ ತಡೆಯುವ ತೊಟ್ಟಿಲು, ಬಾಯಿಯ ಗಾಳಿ ತಡೆಯುವ ಜಾಲರಿ, ಎರಡು ಬಗೆಯ ಕೇಬಲ್, ಒಂದು ಧೂಳಿನ ಚೀಲ, ಇವೆಲ್ಲ ಡಬ್ಬಿಯಲ್ಲೇ ಬರುತ್ತವೆ. ಬೇರೆ ಕೊಳ್ಳಬೇಕಾದದ್ದು ಸ್ಟ್ಯಾಂಡ್ ಒಂದೇ. ಮೈಕು ತೂಕದ್ದಾದ್ದರಿಂದ ಸ್ಟ್ಯಾಂಡಿನ ಪಾದ ಗಟ್ಟಿಯಾಗಿರಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಡಬ್ಬಿ ಬಿಚ್ಚಿದ ದಿನವೇ ಕೋಣೆಯ ನಟ್ಟನಡುವೆ ಚಾಪೆ ಹಾಸಿ, ವೀಣೆಯ ಮುಂದೆ ಒಂದೂವರೆ ಅಡಿ ದೂರದಲ್ಲಿ ಮೈಕನ್ನು ನಿಲ್ಲಿಸಿ, ಒಂದು ತಾನವನ್ನು ನುಡಿಸಿ ಮುದ್ರಿಸಿಕೊಂಡೆ. ಹೆಡ್‌ಫೋನಿನಲ್ಲಿ ಕೇಳಿದಾಗ ಮನಸ್ಸಿಗೆ ಬೇಸರವಾಯಿತು. ಮೀಟಿನ ತುದಿಯ ಸ್ಪಷ್ಟತೆ, ದಂಡಿಯ ಮೇಲಿನ ಮೆಟ್ಟಿಲುಗಳಲ್ಲಿ (ಸ್ವರದ ಪಟ್ಟಿಗಳಲ್ಲಿ) ಬೆರಳು ಜಾರುವ ಸದ್ದು, ತಾಳದ ತಂತಿಗಳ ಕಿರುನಾದ ಎಲ್ಲವೂ ಇದ್ದವು. ಆದರೆ ಪಂಚಮದ (ಪ ಸ್ವರದ) ತಂತಿಯನ್ನು ಮುಟ್ಟಿದಾಗಲೆಲ್ಲ ಕೊಳಗದೊಳಗೆ ಬಾಯಿಟ್ಟು ಕೂಗಿದ ಹಾಗೆ ಗುಂಯ್ ಎಂಬ ನಾದ ಎದ್ದು, ಮುಂದಿನ ಎರಡು ಮೂರು ಸ್ವರಗಳ ಮೇಲೆ ಹರಡಿಕೊಳ್ಳುತ್ತಿತ್ತು. ಷಡ್ಜ (ಸ) ಹಾಗಿರಲಿಲ್ಲ, ಕೆಳಗಿನ ಸ್ಥಾಯಿಯಾದ ಮಂದ್ರದ ಷಡ್ಜವೂ ಹಾಗಿರಲಿಲ್ಲ, ಪಂಚಮ ಮಾತ್ರ. ಮೈಕಿನ ದೋಷವಿರಬಹುದೇ ಎಂದು ಅರ್ಧ ದಿನ ಶಂಕಿಸಿದ್ದು ನನ್ನ ತಪ್ಪು. ಅದೇ ಮೈಕನ್ನು ಕೆಳಗಿನ ದೊಡ್ಡ ನಡುಮನೆಗೆ ಒಯ್ದು ಅದೇ ತಾನವನ್ನು ನುಡಿಸಿದಾಗ ಪಂಚಮ ತನ್ನ ಪಾಡಿಗೆ ತಾನು ಸುಮ್ಮನಾಯಿತು. ಹಾಗಾದರೆ ಗುಂಯ್‌ಗುಡುತ್ತಿದ್ದದ್ದು ಕೋಣೆ. ವರ್ಷಗಟ್ಟಲೆ ಅಲ್ಲಿ ಕೂತು ಪಾಠ ಹೇಳಿದ ನನ್ನ ಕಿವಿಗೆ ಅದು ರೂಢಿಯಾಗಿಹೋಗಿತ್ತು, ಮೈಕಿಗೆ ರೂಢಿಯಾಗಿರಲಿಲ್ಲ.

ಇದಕ್ಕೆ ಕಾರಣ ಲೆಕ್ಕದಲ್ಲಿ ಸಿಗುತ್ತದೆ. ನನ್ನದು ಹಲಸಿನ ಮರದ ಹಳೆಯ, ಉದ್ದನೆಯ ದಂಡಿಯ ವೀಣೆ. ಅದನ್ನು ಎರಡು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಎರಡನೆಯ ಬಿಳಿ ಮನೆಗೆ, ಕೂಡಿಸುತ್ತೇನೆ. ಆಗ ಸಾರಣಿಯ, ಅಂದರೆ ಮೊದಲ ತಂತಿಯ, ಷಡ್ಜ ಸುಮಾರು 147 ಹರ್ಟ್ಜ್ (ಸೆಕೆಂಡಿಗೆ 147 ಕಂಪನ), ಪಂಚಮದ ತಂತಿ 110 ಹರ್ಟ್ಜ್, ಎಲ್ಲಕ್ಕಿಂತ ಕೆಳಗಿನ ಅನುಮಂದ್ರದ ಪಂಚಮ 55 ಹರ್ಟ್ಜ್. ಇನ್ನು ಕೋಣೆ. ಎದುರುಬದುರಿನ ಎರಡು ಗೋಡೆಗಳ ನಡುವೆ ಧ್ವನಿ ಹೋಗಿ ಬಂದು ಹೋಗಿ ಬಂದು ತನ್ನದೇ ನಿಂತ ಅಲೆಗಳನ್ನು ಕಟ್ಟಿಕೊಳ್ಳುತ್ತದೆ, ಅವಕ್ಕೆ ಹೊಂದುವ ಸ್ವರ ಉಬ್ಬುತ್ತದೆ. ಧ್ವನಿಯ ವೇಗವಾದ ಸೆಕೆಂಡಿಗೆ ಸುಮಾರು 344 ಮೀಟರನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ನಿಂತ ಅಲೆಯ ಆವೃತ್ತಿ ಬರುತ್ತದೆ. ಅದರ ಎರಡರಷ್ಟು, ಮೂರರಷ್ಟು ಮುಂದಿನವು. ಹತ್ತು ಅಡಿಯೆಂದರೆ 3.05 ಮೀಟರ್, ಅಂದರೆ ಮೊದಲನೆಯದು ಸುಮಾರು 56 ಹರ್ಟ್ಜ್, ಎರಡನೆಯದು ಸುಮಾರು 113 ಹರ್ಟ್ಜ್. ನನ್ನ ಎರಡೂ ಪಂಚಮಗಳು ಇವುಗಳ ಮಗ್ಗುಲಲ್ಲೇ ಬಂದು ಕೂತಿವೆ. ಸಾಲದ್ದಕ್ಕೆ ಕೋಣೆಯ ಅಗಲವೂ ಎತ್ತರವೂ ಒಂದೇ ಹತ್ತು ಅಡಿಯಾದ್ದರಿಂದ ಗೋಡೆಗಳ ನಡುವೆ ಏಳುವ ಅಲೆಯೂ ನೆಲ ತಾರಸಿಗಳ ನಡುವೆ ಏಳುವ ಅಲೆಯೂ ಒಂದರ ಮೇಲೊಂದು ಬೀಳುತ್ತವೆ. ಅಳತೆಗಳು ಸಮವಾಗಿರುವ ಕೋಣೆಯನ್ನು ಧ್ವನಿಮುದ್ರಣಕ್ಕೆ ಆರಿಸಬಾರದು ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ನಮ್ಮ ಕಡೆ ನಿವೇಶನದ ಅಳತೆಗೆ ತಕ್ಕಂತೆ ಕೋಣೆಗಳು ಹತ್ತಕ್ಕೆ ಹತ್ತು, ಹತ್ತಕ್ಕೆ ಹನ್ನೆರಡು ಎಂದೇ ಏಳುತ್ತವೆ, ಆಮೇಲೆ ಅಲ್ಲೇ ನಾವು ಶ್ರುತಿ ಕೂಡಿಸುತ್ತೇವೆ.

ಮೊದಲು ಮಾಡಿದ ಉಪಾಯ ತಪ್ಪಾಯಿತು. ಸ್ಟುಡಿಯೋ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಮೊಟ್ಟೆಯ ಟ್ರೇ ಹಾಗೆ ಏರುತಗ್ಗುಗಳಿರುವ ಎರಡು ಇಂಚಿನ ಸ್ಪಂಜಿನ ಹಾಳೆಗಳನ್ನು ಕೊಟ್ಟು, ಗೋಡೆಯ ತುಂಬ ಅಂಟಿಸಿದರೆ ಕೋಣೆ ಸ್ಟುಡಿಯೋ ಆಗುತ್ತದೆಂದರು. ಅಂಟಿಸಿದೆ. ಎತ್ತರದ ಸ್ವರಗಳ ಹೊಳಪು ಹೋಯಿತು, ತಾಳದ ತಂತಿಗಳು ಮಂಕಾದವು, ವೀಣೆಗೆ ಕಂಬಳಿ ಹೊದಿಸಿದ ಹಾಗಾಯಿತು. ಪಂಚಮದ ಗುಂಯ್ ಮಾತ್ರ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ, ಮೇಲಿನ ಹೊಳಪು ಹೋದ ಮೇಲೆ ಇನ್ನಷ್ಟು ಎದ್ದು ಕೇಳತೊಡಗಿತು. ಇದು ಆಗಲೇಬೇಕಾದದ್ದೇ. 110 ಹರ್ಟ್ಜಿನ ಒಂದು ಅಲೆಯ ಉದ್ದ ಮೂರು ಮೀಟರಿಗೂ ಹೆಚ್ಚು. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣಗಳು ಹೆಚ್ಚುಕಡಿಮೆ ಅಲುಗುವುದಿಲ್ಲ, ಅವು ಅತಿ ಹೆಚ್ಚು ಅಲುಗುವುದು ಅಲೆಯ ಉದ್ದದ ಕಾಲುಭಾಗದಷ್ಟು, ಅಂದರೆ ಸುಮಾರು 78 ಸೆಂಟಿಮೀಟರ್ ಈಚೆಗೆ. ಸ್ಪಂಜಿನಂಥ ರಂಧ್ರಗಳಿರುವ ವಸ್ತು ಧ್ವನಿಯನ್ನು ಹೀರುವುದು ತನ್ನೊಳಗೆ ಗಾಳಿ ಅಲುಗಾಡಿ ತಿಕ್ಕಾಡಿದಾಗ ಮಾತ್ರ. ಅಲುಗದ ಗಾಳಿಯಲ್ಲಿ ಎರಡು ಇಂಚಿನ ಹಾಳೆ ಏನು ತಾನೇ ಮಾಡೀತು? ಕೆಲವರು ಗೋಡೆಗೆ ಅಂಟಿಸುವ ನಿಜವಾದ ಮೊಟ್ಟೆಯ ಟ್ರೇಗಳ ಕಥೆಯಂತೂ ಇದಕ್ಕಿಂತ ಬಡವಾದದ್ದು. ಇಂಥ ಸ್ಪಂಜು ಬೆಂಕಿ ತಗುಲಿದರೆ ಬೇಗ ಹೊತ್ತಿ ಉರಿದು ವಿಷದ ಹೊಗೆ ಬಿಡುತ್ತದೆ ಎಂಬುದನ್ನೂ ಮನೆಗೆ ತರುವ ಮೊದಲು ಯೋಚಿಸಬೇಕು. ನಾನು ಮುಕ್ಕಾಲುಪಾಲನ್ನು ಕಿತ್ತುಹಾಕಿದೆ. ಗೋಡೆಯ ಬಣ್ಣವೂ ಜೊತೆಗೇ ಕಿತ್ತುಬಂತು.

ಆಮೇಲೆ ಕೈಹಾಕಿದ್ದು ರಾಕ್‌ವೂಲಿಗೆ, ಅಂದರೆ ಕಲ್ಲನ್ನು ಕರಗಿಸಿ ಎಳೆ ತೆಗೆದು ಮಾಡಿದ ಹಾಸಿಗೆಯಂಥ ಹಲಗೆಗಳಿಗೆ. ಕಾರ್ಖಾನೆಗಳಲ್ಲಿ ಶಾಖ ತಡೆಯಲು ಬಳಸುವ ವಸ್ತು ಇದು, ಬೆಂಕಿಗೆ ಉರಿಯುವುದಿಲ್ಲ. ಘನ ಮೀಟರಿಗೆ 48 ಕಿಲೋ ತೂಗುವ, 50 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಎರಡೆರಡು ಪದರ ಸೇರಿಸಿ, ನಾಲ್ಕು ಅಡಿಗೆ ಎರಡು ಅಡಿಯ ಮರದ ಚೌಕಟ್ಟಿನಲ್ಲಿ ಕೂಡಿಸಿ, ಮೇಲೆ ಹತ್ತಿಯ ಬಟ್ಟೆ ಹೊದಿಸಿ, ನಮ್ಮ ಬಡಗಿಯವರ ಕೈಲಿ ಎಂಟು ಪ್ಯಾನೆಲ್ ಮಾಡಿಸಿದೆ. ಒಟ್ಟು ಖರ್ಚು ಮೈಕಿನ ಬೆಲೆಯನ್ನು ಮೀರಲಿಲ್ಲ. ಬಟ್ಟೆಯನ್ನು ಆರಿಸಲು ಒಂದು ಸುಲಭದ ಪರೀಕ್ಷೆಯಿದೆ: ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆಗೆ ಸರಾಗವಾಗಿ ಹೋಗಬೇಕು, ಹೋಗದಿದ್ದರೆ ಧ್ವನಿಯೂ ಹೋಗುವುದಿಲ್ಲ. ಎಳೆಗಳು ಮೈಗೆ ತುರಿಕೆ ತರುತ್ತವೆ, ಉಸಿರಿನಲ್ಲಿ ಒಳಗೆ ಹೋಗಲೂಬಾರದು. ಆದ್ದರಿಂದ ಕೈಗವಸು, ಮುಖಗವಸು, ತೋಳು ಮುಚ್ಚುವ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ನಾಲ್ಕು ಪ್ಯಾನೆಲ್‌ಗಳನ್ನು ಕೋಣೆಯ ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿದೆ, ಏಕೆಂದರೆ ಎಲ್ಲ ನಿಂತ ಅಲೆಗಳ ಒತ್ತಡವೂ ಮೂಲೆಯಲ್ಲಿ ಸೇರುತ್ತದೆ, ಅಡ್ಡಲಾಗಿ ನಿಂತಾಗ ಹಿಂದೆ ತಾನಾಗಿ ಒಂದಿಷ್ಟು ಗಾಳಿಯ ಜಾಗವೂ ಉಳಿಯುತ್ತದೆ. ಉಳಿದ ನಾಲ್ಕನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ತೂಗುಹಾಕಿದೆ. ಗೋಡೆಗೆ ಒತ್ತಿ ಹೊಡೆಯದೆ ಹೀಗೆ ಬಿಟ್ಟು ನಿಲ್ಲಿಸುವುದರಿಂದ ಅಷ್ಟೇ ದಪ್ಪದ ಪ್ಯಾನೆಲ್ ಇನ್ನಷ್ಟು ಕೆಳಗಿನ ಸ್ವರಗಳವರೆಗೆ ಕೆಲಸ ಮಾಡುತ್ತದೆ.

ಅನುರಣನದ, ಅಂದರೆ ಕೋಣೆಯಲ್ಲಿ ನಾದ ಅಡಗದೆ ಉಳಿಯುವುದರ, ಲೆಕ್ಕಕ್ಕೆ ಮೂಲ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಸೇಬೈನ್. 1895ರ ಸುಮಾರಿಗೆ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸದ ಕೋಣೆಯಲ್ಲಿ ಮಾತು ಅರ್ಥವಾಗದಷ್ಟು ಅನುರಣನವಿತ್ತು. ಸೇಬೈನ್ ಪಕ್ಕದ ಸ್ಯಾಂಡರ್ಸ್ ರಂಗಮಂದಿರದಿಂದ ರಾತ್ರಿ ಹೊತ್ತು ಆಸನದ ದಿಂಬುಗಳನ್ನು ತರಿಸಿ, ಒಂದೊಂದು ಸಲ ಒಂದಿಷ್ಟು ಹರಡಿ, ಆರ್ಗನ್ನಿನ ಕೊಳವೆಯೊಂದನ್ನು ಊದಿ ನಿಲ್ಲಿಸಿ, ನಾದ ಅಡಗಲು ಎಷ್ಟು ಸೆಕೆಂಡು ಬೇಕಾಯಿತೆಂದು ಕಿವಿಯಿಂದಲೇ ಅಳೆದರು. ಅವರು ಕಂಡುಕೊಂಡ ಸೂತ್ರ ಸರಳವಾದದ್ದು: ಘನ ಮೀಟರಿನಲ್ಲಿ ಅಳೆದ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸಿಗುತ್ತದೆ. ನನ್ನ ಕೋಣೆಯ ಗಾತ್ರ 34 ಘನ ಮೀಟರ್, ಒಳಮೈ 63 ಚದರ ಮೀಟರ್. ಗಾರೆಯ ಗೋಡೆ, ಕಲ್ಲಿನ ನೆಲ, ಕಾಂಕ್ರೀಟ್ ತಾರಸಿ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಐದರಷ್ಟನ್ನು ಹೀರುತ್ತವೆಂದು ಇಟ್ಟುಕೊಂಡರೆ ಖಾಲಿ ಕೋಣೆಯ ಅನುರಣನ 1.7 ಸೆಕೆಂಡು. ಎಂಟು ಪ್ಯಾನೆಲ್‌ಗಳಿಂದ ಸುಮಾರು 6 ಚದರ ಮೀಟರಿನ ಹೀರಿಕೆ ಬಂತು. ಪುಸ್ತಕದ ಬೀರು, ಮಂಚದ ಹಾಸಿಗೆ, ಉಳಿಸಿಕೊಂಡ ಒಂದಿಷ್ಟು ಸ್ಪಂಜು ಸೇರಿದ ಮೇಲೆ ಅನುರಣನ ಅರ್ಧ ಸೆಕೆಂಡಿಗೆ ಹತ್ತಿರ ಇಳಿಯಿತು. ಇದನ್ನು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶದಿಂದ ಅಳೆದೂ ನೋಡಿದೆ. ಪಂಚಮ ಪೂರ್ತಿ ಅಡಗಿತೆಂದು ಹೇಳಲಾರೆ. ಆದರೆ ಈಗ ಅದು ಮುಂದಿನ ಸ್ವರದ ಮೇಲೆ ಬಂದು ಬೀಳುವುದಿಲ್ಲ.

ಕೋಣೆಯನ್ನು ಇದಕ್ಕಿಂತ ಹೆಚ್ಚು ಒಣಗಿಸುವುದು ನನಗೆ ಬೇಕಾಗಿಯೂ ಇಲ್ಲ. ವೀಣೆಗೆ ಸ್ವಲ್ಪ ಗಾಳಿ ಬೇಕು. ಪೂರ್ತಿ ಸತ್ತ ಕೋಣೆಯಲ್ಲಿ ನುಡಿಸುವವರ ಕೈ ತನಗೆ ತಿಳಿಯದೆಯೇ ಜೋರಾಗುತ್ತದೆ, ಮೀಟು ಒರಟಾಗುತ್ತದೆ.

ಪ್ಯಾನೆಲ್‌ಗಳ ಜೊತೆಗೆ ದುಡ್ಡು ಖರ್ಚಾಗದ ಒಂದು ಬದಲಾವಣೆಯನ್ನೂ ಮಾಡಿಕೊಂಡೆ, ಮತ್ತು ಅದರಿಂದ ಆದ ಉಪಯೋಗ ಪ್ಯಾನೆಲ್‌ಗಳಷ್ಟೇ ದೊಡ್ಡದು. ಮೊದಲ ದಿನ ನಾನು ಕೂತದ್ದು ಕೋಣೆಯ ನಟ್ಟನಡುವೆ. ಎರಡನೆಯ ನಿಂತ ಅಲೆಯ ಒತ್ತಡ ಗೋಡೆಗಳ ಬಳಿ ಇರುವಂತೆ ನಡುವೆಯೂ ತುತ್ತತುದಿಯಲ್ಲಿರುತ್ತದೆ, ಗೋಡೆಯಿಂದ ಅಗಲದ ಕಾಲುಭಾಗದಷ್ಟು ಈಚೆಗೆ ಅದು ಇಲ್ಲದಂತಾಗುತ್ತದೆ. ಹತ್ತು ಅಡಿ ಅಗಲಕ್ಕೆ ಆ ಜಾಗ ಗೋಡೆಯಿಂದ ಎರಡೂವರೆ ಅಡಿ. ಮೈಕನ್ನು ಅಲ್ಲಿಗೆ ಸರಿಸಿದ ಕೂಡಲೇ 110 ಹರ್ಟ್ಜಿನ ಉಬ್ಬು ಪರದೆಯ ಮೇಲೆ ಕಣ್ಣಿಗೆ ಕಾಣುವಷ್ಟು ತಗ್ಗಿತು. ಲೆಕ್ಕ ಬೇಡವೆನ್ನುವವರು ಶಿಷ್ಯರೊಬ್ಬರ ಕೈಲಿ ಒಂದೇ ಜಂಟಿ ವರಸೆಯನ್ನು (ಆರಂಭದ ಪಾಠದ ಸ್ವರಾಭ್ಯಾಸವನ್ನು) ನುಡಿಸುತ್ತ ಇರಲು ಹೇಳಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಇನ್ನೊಂದು ಕಿವಿಯನ್ನು ಮೈಕಿನ ಎತ್ತರಕ್ಕೆ ಬಗ್ಗಿಸಿ ಕೋಣೆಯಲ್ಲೆಲ್ಲ ಮೆಲ್ಲಗೆ ಓಡಾಡಲಿ. ಎಲ್ಲಿ ವೀಣೆ ವೀಣೆಯ ಹಾಗೆ ಕೇಳುತ್ತದೆಯೋ ಅಲ್ಲಿ ಮೈಕನ್ನಿಡಲಿ.

ವೀಣೆಯ ವಿಷಯದಲ್ಲಿ ಇನ್ನೊಂದು ತೊಡಕು ನೆಲದಿಂದ ಬರುತ್ತದೆ, ಏಕೆಂದರೆ ನಾವು ನೆಲದ ಮೇಲೆ ಕೂತು ನುಡಿಸುತ್ತೇವೆ. ವೀಣೆಯ ಕೊಡದ (ದುಂಡನೆಯ ಒಡಲಿನ) ಮೇಲಿನ ಹಲಗೆ ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿದೆ, ಮೈಕು 60 ಸೆಂಟಿಮೀಟರ್ ಎತ್ತರದಲ್ಲಿ, ಎರಡರ ನಡುವಿನ ಅಡ್ಡ ಅಂತರ 45 ಸೆಂಟಿಮೀಟರ್ ಎಂದುಕೊಳ್ಳೋಣ. ನೇರವಾಗಿ ಬರುವ ಧ್ವನಿ 57 ಸೆಂಟಿಮೀಟರ್ ಸಾಗಿ ಮೈಕನ್ನು ಮುಟ್ಟುತ್ತದೆ. ನೆಲಕ್ಕೆ ಬಡಿದು ಬರುವುದು 96 ಸೆಂಟಿಮೀಟರ್ ಸಾಗಬೇಕು. ಈ 39 ಸೆಂಟಿಮೀಟರಿನ ವ್ಯತ್ಯಾಸ ಯಾವ ಅಲೆಯ ಅರ್ಧ ಉದ್ದಕ್ಕೆ ಸಮವಾಗುತ್ತದೆಯೋ ಆ ಆವೃತ್ತಿಯಲ್ಲಿ ಎರಡೂ ಒಂದನ್ನೊಂದು ತಗ್ಗಿಸುತ್ತವೆ. ಅದು ಸುಮಾರು 440 ಹರ್ಟ್ಜ್. ಎರಡು ಮನೆ ಶ್ರುತಿಯಲ್ಲಿ 440 ಹರ್ಟ್ಜ್ ಎಂದರೆ ತಾರ ಸ್ಥಾಯಿಯ ಪಂಚಮ! ಕೆಳಗಿನ ಪಂಚಮವನ್ನು ಗೋಡೆಗಳು ಉಬ್ಬಿಸಿದರೆ ಮೇಲಿನ ಪಂಚಮವನ್ನು ನೆಲ ಬಡವಾಗಿಸುತ್ತಿತ್ತು. ತೆಳು ಜಮಖಾನದಿಂದ ಈ ಎತ್ತರದ ಸ್ವರಕ್ಕೆ ಏನೂ ಆಗುವುದಿಲ್ಲ. ವೀಣೆ ಮತ್ತು ಮೈಕಿನ ನಡುವಿನ ನೆಲದ ಮೇಲೆ ಹಳೆಯ ಹತ್ತಿಯ ಹಾಸಿಗೆಯೊಂದನ್ನು ಮಡಿಸಿ ಇಟ್ಟ ಮೇಲೆ ತಾರದ ಪಂಚಮ ತನ್ನ ಅಕ್ಕಪಕ್ಕದ ಸ್ವರಗಳ ಸಮಕ್ಕೆ ಬಂತು. ಕಲ್ಲಿನ ನೆಲದ ಮನೆಗಳಲ್ಲಿ ವೀಣೆ, ಸಿತಾರ್, ಮೃದಂಗಗಳನ್ನು ಮುದ್ರಿಸುವವರೆಲ್ಲ ಇದೊಂದನ್ನು ಮಾಡಿ ನೋಡಬೇಕು.

ಈಗ ಮೈಕಿನ ನಡವಳಿಕೆಗೆ ಬರುತ್ತೇನೆ. ಸಭೆಗಳಲ್ಲಿ ವೀಣೆಗೆ ಅಂಟಿಸುವ ಪಿಕಪ್ಪು ಹಲಗೆಯ ಒಂದೇ ಜಾಗದ ಕಂಪನವನ್ನು ಹಿಡಿಯುವುದರಿಂದ ನಾದ ತಂತಿಯ ಕಡೆಗೆ ವಾಲಿ ಲೋಹದಂತಾಗುತ್ತದೆ. ಈ ಮೈಕು ಒಂದೂವರೆ ಎರಡು ಅಡಿ ದೂರದಿಂದ ಕೊಡ, ದಂಡಿ, ಸೋರೆಬುರುಡೆ ಎಲ್ಲವನ್ನೂ ಸೇರಿಸಿ ಒಂದು ವಾದ್ಯವನ್ನಾಗಿ ಕೇಳಿಸುತ್ತದೆ. ಕೊಡದ ಹಲಗೆಯ ರಂಧ್ರಗಳಿಗೆ ನೇರ ಮುಖ ಮಾಡಿಸಿದರೆ ಮಂದ್ರ ಉಬ್ಬುತ್ತದೆ. ಮೆಟ್ಟಿಲುಗಳಿಗೆ ಮುಖ ಮಾಡಿಸಿದರೆ ಬೆರಳಿನ ಕರಕರ ಹೆಚ್ಚಾಗುತ್ತದೆ. ಮುಂದಿನಿಂದ, ಸ್ವಲ್ಪ ಮೇಲಿನಿಂದ, ತಂತಿಗಳನ್ನು ಹೊರುವ ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ ದೃಷ್ಟಿ ನೆಟ್ಟಂತೆ ನಿಲ್ಲಿಸಿದಾಗ ನನಗೆ ತೃಪ್ತಿಯಾಯಿತು. ಕಾರ್ಡಿಯಾಯ್ಡ್ ಮೈಕುಗಳಿಗೆ ಸಾಮಾನ್ಯವಾಗಿ ಇರುವ ಗುಣ ಇದಕ್ಕೂ ಇದೆ: ವಾದ್ಯಕ್ಕೆ ಒಂದು ಅಡಿಗಿಂತ ಹತ್ತಿರ ತಂದರೆ ಮಂದ್ರ ತಾನಾಗಿ ದಪ್ಪವಾಗುತ್ತದೆ. ಆಗಲೇ ಮಂದ್ರ ಉಬ್ಬುವ ಕೋಣೆಯಲ್ಲಿ ಹತ್ತಿರ ತರುವುದೆಂದರೆ ಗಾಯಕ್ಕೆ ಉಪ್ಪು ಹಾಕಿದಂತೆ. ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆಯನ್ನು ಎಂದಿಗಿಂತ ಒಂದು ತೊಟ್ಟು ಹೆಚ್ಚು ಸವರಿಕೊಂಡರೆ ಜಾರಿನ ಸದ್ದು ಎಷ್ಟು ಕಡಿಮೆಯಾಗುತ್ತದೆಂಬುದನ್ನು ಈ ಮೈಕೇ ನನಗೆ ಕಲಿಸಿತು.

ಜಾಹೀರಾತಿನಲ್ಲಿ ಎದ್ದು ಕಾಣುವುದು ಈ ಮೈಕಿನ ಸ್ವಂತದ ಗದ್ದಲ ಕೇವಲ 4 ಡೆಸಿಬೆಲ್ ಎಂಬ ಮಾತು. ಅಂಕಿ ನಿಜ, ಅಷ್ಟು ಮೌನವಾದ ಮೈಕುಗಳು ವಿರಳ. ಆದರೆ ಇದಕ್ಕಾಗಿಯೇ ಈ ಮೈಕನ್ನು ಕೊಳ್ಳಲು ಹೊರಟವರು ಒಂದು ಕ್ಷಣ ನಿಂತು ತಮ್ಮ ಮನೆಯ ರಾತ್ರಿಯನ್ನು ಆಲಿಸಬೇಕು. ಊರು ಮಲಗಿದ ಮೇಲೂ ಒಂದು ಸಾಮಾನ್ಯ ಮನೆಯ ಕೋಣೆಯಲ್ಲಿ 30 ಡೆಸಿಬೆಲ್‌ನಷ್ಟು ಸದ್ದು ಇದ್ದೇ ಇರುತ್ತದೆ. ಆ 30ಕ್ಕೆ ಮೈಕಿನ 4 ಡೆಸಿಬೆಲ್ ಸೇರಿದರೆ ಒಟ್ಟು 30.01, ಮೈಕಿನದು 12 ಡೆಸಿಬೆಲ್ ಆಗಿದ್ದರೂ ಒಟ್ಟು 30.07. ಈ ವ್ಯತ್ಯಾಸ ಯಾವ ಕಿವಿಗೂ ಕೇಳುವುದಿಲ್ಲ. ಹೊರಗಿನ ಸದ್ದನ್ನು ತಡೆದು ಕಟ್ಟಿದ ನಿಜವಾದ ಸ್ಟುಡಿಯೋದಲ್ಲಿ ಮಾತ್ರ ಅದು ಬೆಲೆಗೆ ಬರುತ್ತದೆ. ರಾಕ್‌ವೂಲ್ ಪ್ಯಾನೆಲ್‌ಗಳು ಒಳಗಿನ ಅನುರಣನವನ್ನು ಹೀರುತ್ತವೆಯೇ ಹೊರತು ಹೊರಗಿನ ಆಟೋರಿಕ್ಷಾವನ್ನು ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಕಿಟಕಿಗಳು ಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಂಡವರನ್ನು ನಾನು ಬಲ್ಲೆ. ನಾನು ಮುದ್ರಿಸುವುದು ಬೆಳಗಿನ ಜಾವ ನಾಲ್ಕರಿಂದ ಐದೂವರೆಯವರೆಗೆ: ಹಾಲಿನವರ ಸ್ಕೂಟರು ಬರುವ ಮೊದಲು, ಕೋಗಿಲೆ ಏಳುವ ಮೊದಲು, ಪಕ್ಕದ ಮನೆಯ ಕುಕ್ಕರು ಕೂಗುವ ಮೊದಲು. ಫ್ಯಾನು ಆರಿಸಿರಬೇಕು, ಫ್ರಿಜ್ಜು ಇರುವ ಗೋಡೆಗೆ ಬೆನ್ನು ಮಾಡಿರಬೇಕು, ಯುಪಿಎಸ್ಸು ಬೇರೆ ಕೋಣೆಯಲ್ಲಿರಬೇಕು.

ನನಗೆ ನಿಜವಾಗಿ ಬೆಲೆಬಾಳಿದ್ದು ಯುಎಸ್‌ಬಿ ಮೂಲಕ ಸಿಗುವ 32 ಬಿಟ್ ಫ್ಲೋಟ್ ಮುದ್ರಣ. ವೀಣೆಯಲ್ಲಿ ಸಣ್ಣ ಗಮಕದ ಕೊನೆಗೂ ತಾನದ ಜೋರು ಮೀಟಿಗೂ ನಡುವೆ ಬಹಳ ಅಂತರವಿದೆ. ಸಾಮಾನ್ಯವಾದ 24 ಬಿಟ್ ಮುದ್ರಣದಲ್ಲಿ ಜೋರಾದ ಮೀಟು ಅಳತೆಗೋಲಿನ ಮೇಲ್ಮಿತಿಯಾದ ಸೊನ್ನೆಯನ್ನು ಮುಟ್ಟದಂತೆ, 10 ಅಥವಾ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮೊದಲೇ ಮಟ್ಟವನ್ನು ಹೊಂದಿಸಿಕೊಳ್ಳಬೇಕು. ಆವೇಶ ಬಂದು ಒಂದು ಮೀಟು ಮಿತಿ ಮೀರಿದರೆ ಅದು ಒಡೆದು ಕೇಳುತ್ತದೆ, ಮತ್ತೆ ಸರಿಮಾಡಲಾಗದು. 32 ಬಿಟ್ ಫ್ಲೋಟ್‌ನಲ್ಲಿ ಆ ಮೀಟು ಕಡತದೊಳಗೆ ಇಡಿಯಾಗಿ ಉಳಿದಿರುತ್ತದೆ, ಆಮೇಲೆ ಮಟ್ಟ ತಗ್ಗಿಸಿದರೆ ಸಾಕು. ಒಬ್ಬರೇ ಕೂತು ತಾವೇ ನುಡಿಸಿ ತಾವೇ ಮುದ್ರಿಸಿಕೊಳ್ಳುವ ನನ್ನಂಥವರಿಗೆ ಇದರಿಂದ ಎಷ್ಟು ನಿಶ್ಚಿಂತೆಯೆಂಬುದನ್ನು ಹೇಳಿ ತಿಳಿಸುವುದು ಕಷ್ಟ. ಕಣ್ಣು ಪರದೆಯ ಮೇಲಿರದೆ ಮನಸ್ಸು ರಾಗದ ಮೇಲಿರುತ್ತದೆ. ಮೈಕಿನ ಗ್ರಾಹಕವೇ ತಡೆದುಕೊಳ್ಳಲಾರದಷ್ಟು ಜೋರಾದ ಧ್ವನಿಯಿಂದ ಇದು ಕಾಪಾಡುವುದಿಲ್ಲ, ಆದರೆ ಅಂಥ ಜೋರು ವೀಣೆಯಿಂದ ಬರುವ ಮಾತೇ ಇಲ್ಲ. ಸೆಕೆಂಡಿಗೆ 192 ಸಾವಿರ ಸಲದವರೆಗೆ ಧ್ವನಿಯನ್ನು ಅಳೆದು ಮುದ್ರಿಸುವ ಸೌಲಭ್ಯವೂ ಇದೆ. ನಾನು 48 ಸಾವಿರವನ್ನೇ ಬಳಸುತ್ತೇನೆ. 192 ಸಾವಿರದಲ್ಲಿ ಒಂದು ನಿಮಿಷಕ್ಕೆ ಸುಮಾರು 46 ಎಂಬಿ ಜಾಗ ಬೇಕು, 48 ಸಾವಿರದಲ್ಲಿ ಅದರ ಕಾಲುಭಾಗ ಸಾಕು. ಕಿವಿಗೆ ಕೇಳುವ ಲಾಭ ನನಗೆ ಕಾಣಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೈಕಿನಲ್ಲಿ ಹೆಡ್‌ಫೋನಿನ ಕಿಂಡಿ ಇಲ್ಲ. ಯುಎಸ್‌ಬಿಯಲ್ಲಿ ಮುದ್ರಿಸುವಾಗ ನಮ್ಮ ಧ್ವನಿಯನ್ನು ನಾವು ಕೇಳಿಕೊಳ್ಳಬೇಕಾದರೆ ಕಂಪ್ಯೂಟರಿನ ಮೂಲಕವೇ ಕೇಳಬೇಕು, ಅದು ಕ್ಷಣದ ಒಂದು ಪಾಲು ತಡವಾಗಿ ಬರುತ್ತದೆ; ತಾಳಕ್ಕೆ ನುಡಿಸುವವರಿಗೆ ಆ ತಡ ಸಹಿಸಲಾಗದು. ನಾನು ಹೆಡ್‌ಫೋನಿನಲ್ಲಿ ತಂಬೂರವನ್ನು ಮಾತ್ರ ಹಾಕಿಕೊಂಡು, ವೀಣೆಯನ್ನು ನೇರ ಕಿವಿಯಿಂದ ಕೇಳುತ್ತೇನೆ. ಒಂದು ಕಿವಿಯನ್ನು ತೆರೆದಿಟ್ಟುಕೊಂಡರೆ ಶ್ರುತಿ ತಪ್ಪುವುದಿಲ್ಲ. 32 ಬಿಟ್ ಫ್ಲೋಟ್ ಎಕ್ಸ್‌ಎಲ್‌ಆರ್ ದಾರಿಯಲ್ಲಿ ಸಿಗದು, ಅಲ್ಲಿ ಇಂಟರ್‌ಫೇಸಿನ ಶಕ್ತಿಯೇ ಮಿತಿ. ಎರಡು ಯುಎಸ್‌ಬಿ ಮೈಕುಗಳನ್ನು ಒಂದೇ ಕಂಪ್ಯೂಟರಿಗೆ ಸೇರಿಸಿ ವೀಣೆ ಮೃದಂಗಗಳನ್ನು ಒಟ್ಟಿಗೆ ಮುದ್ರಿಸುವ ಆಸೆಯಿದ್ದವರು ಅದನ್ನು ಬಿಡಬೇಕು, ಏಕೆಂದರೆ ಎರಡೂ ಮೈಕುಗಳ ಒಳಗಡಿಯಾರಗಳು ಬೇರೆಬೇರೆಯಾದ್ದರಿಂದ ದೀರ್ಘ ಕಛೇರಿಯಲ್ಲಿ ಮೆಲ್ಲಮೆಲ್ಲಗೆ ಒಂದು ಹಿಂದೆ, ಒಂದು ಮುಂದೆ ಆಗಬಹುದು. ಮೃದಂಗದವರು ಜೊತೆಯಾದ ದಿನ ನಾನು ಎಕ್ಸ್‌ಎಲ್‌ಆರ್ ಕೇಬಲ್ಲನ್ನೇ ಬಳಸಿ, ಇಂಟರ್‌ಫೇಸಿನಿಂದ ಮೈಕಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಕೊಟ್ಟು, ಮೃದಂಗಕ್ಕೆ ಬೇರೊಂದು ಮೈಕನ್ನು ಇಡುತ್ತೇನೆ. ಒಂದು ಮೈಕು ತನ್ನ ವಾದ್ಯದಿಂದ ಎಷ್ಟು ದೂರವಿದೆಯೋ ಅದರ ಮೂರರಷ್ಟಾದರೂ ಎರಡು ಮೈಕುಗಳ ನಡುವೆ ಅಂತರವಿರಬೇಕೆಂಬ ಹಳೆಯ ನಿಯಮವನ್ನು ಪಾಲಿಸಿದರೆ ಮೃದಂಗದ ಚಾಪಿನ ಪೆಟ್ಟು ವೀಣೆಯ ಮೈಕಿನಲ್ಲಿ ಗೊಂದಲ ಮಾಡುವುದಿಲ್ಲ. ಮೈಕಿನ ಬೆನ್ನನ್ನು ಇನ್ನೊಂದು ವಾದ್ಯದ ಕಡೆಗೆ ತಿರುಗಿಸಿದರೆ ಇನ್ನೂ ಒಳ್ಳೆಯದು.

ಹಾಡುಗಾರಿಕೆಗೆ ಇದನ್ನು ಒಮ್ಮೊಮ್ಮೆ ಮಾತ್ರ ಬಳಸಿದ್ದೇನೆ. ಬಾಯಿಂದ ಒಂದು ಗೇಣು ದೂರ, ಮೂಗಿನ ಮಟ್ಟದಲ್ಲಿ ಇಟ್ಟು ಕೆಳಕ್ಕೆ ಬಾಗಿಸಿದರೆ ಭಕಾರ, ಫಕಾರಗಳ ಗಾಳಿ ಅದರಡಿಯಿಂದ ಹಾದುಹೋಗುತ್ತದೆ. ಹೆಣ್ಣುದನಿಗೆ ಚೆನ್ನಾಗಿ ಹೊಂದಿತು. ಸಕಾರ ಗಟ್ಟಿಯಾಗಿರುವ ದನಿಗಳಲ್ಲಿ ತುಸು ಚುಚ್ಚಿದಂತೆ ಕೇಳಿತು, ಆಗ ಮೈಕನ್ನು ನೇರ ಮುಖದಿಂದ ಒಂದಿಷ್ಟು ಓರೆ ಮಾಡಬೇಕಾಯಿತು.

1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. ವಾಸದ ಮನೆಯ ಕೋಣೆಯಿಂದ ಒಳ್ಳೆಯ ಸಂಗೀತ ದೂರದವರ ಕಿವಿಗೆ ತಲುಪುವುದು ನಮ್ಮ ಊರಿಗೆ ಹೊಸದಲ್ಲ ಎಂದು ಪ್ಯಾನೆಲ್‌ಗಳ ನಡುವೆ ಕೂತಾಗ ಎಷ್ಟೋ ಸಲ ನೆನಪಾಗುತ್ತದೆ. ಇಂಟರ್‌ಫೇಸ್ ಇಲ್ಲದವರು, ಒಬ್ಬರೇ ಮುದ್ರಿಸಿಕೊಳ್ಳುವವರು, ಮುಂದೆ ಇಂಟರ್‌ಫೇಸ್ ಕೊಳ್ಳುವ ಯೋಚನೆಯಿರುವವರು ಈ ಮೈಕನ್ನು ಧೈರ್ಯವಾಗಿ ಕೊಳ್ಳಬಹುದು. ಕೈಯಲ್ಲಿರುವ ಹಣ ಮೈಕಿಗೆ ಮಾತ್ರ ಸಾಕಾಗುವಂತಿದ್ದರೆ ನನ್ನ ಸಲಹೆ ಬೇರೆ: ಕಡಿಮೆ ಬೆಲೆಯ ಮೈಕೊಂದನ್ನು ಕೊಂಡು ಉಳಿದ ಹಣದಲ್ಲಿ ನಾಲ್ಕು ಮೂಲೆಗೆ ನಾಲ್ಕು ರಾಕ್‌ವೂಲ್ ಪ್ಯಾನೆಲ್ ಮಾಡಿಸಿ, ಆರು ತಿಂಗಳ ನಂತರ ಇದನ್ನು ಕೊಳ್ಳಿ. ಇಷ್ಟು ಸೂಕ್ಷ್ಮವಾಗಿ ಕೇಳುವ ಮೈಕು ಒಗ್ಗದ ಕೋಣೆಯಲ್ಲಿ ಆ ಕೋಣೆಯ ಒರಟನ್ನೇ ಅಷ್ಟು ಸೂಕ್ಷ್ಮವಾಗಿ ಮುದ್ರಿಸಿಕೊಡುತ್ತದೆ.

ಕಂಡೆನ್ಸರ್ ಮೈಕಿನ ತಟ್ಟೆಗೆ ತೇವವೂ ಹೊಗೆಯೂ ಆಗದು. ನಮ್ಮ ಪಾಠದ ಕೋಣೆಯಲ್ಲಿ ಸರಸ್ವತಿಯ ಪಟದ ಮುಂದೆ ದಿನವೂ ಊದುಬತ್ತಿ ಹಚ್ಚುವ ವಾಡಿಕೆಯಿತ್ತು. ಅದರ ಹೊಗೆಯ ಜಿಗುಟು ತಟ್ಟೆಯ ಮೇಲೆ ಕೂರುತ್ತದೆಂದು ತಿಳಿದ ಮೇಲೆ ಊದುಬತ್ತಿಯನ್ನು ಕೆಳಗಿನ ದೇವರಮನೆಗೆ ಸಾಗಿಸಿ, ಇಲ್ಲಿ ಎಣ್ಣೆಯ ದೀಪವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದನ್ನೂ ಮೈಕು ಹೊರತೆಗೆಯುವ ಮೊದಲೇ ಆರಿಸುತ್ತೇನೆ. ಮುದ್ರಣ ಮುಗಿದೊಡನೆ ಮೈಕನ್ನು ಧೂಳಿನ ಚೀಲಕ್ಕೆ ಹಾಕಿ, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲಿನ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡುತ್ತೇನೆ. ಆಷಾಢದ ಮಳೆಯಲ್ಲಿ ಆ ಪೊಟ್ಟಣಗಳನ್ನು ಹದಿನೈದು ದಿನಕ್ಕೊಮ್ಮೆ ಬದಲಾಯಿಸುತ್ತೇನೆ.